ಈಗ ನೋಡುತ್ತಿರುವವರು: ಒಬ್ಬರು

ಪಾಠದ ಹೊತ್ತಿನಲ್ಲಿ ಫೋನು ನೋಡಬಾರದು ಎಂದು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಚೀಟಿ ಅಂಟಿಸಿದವನು ಅವನೇ. ಆ ಚೀಟಿಗೇ ಫೋನನ್ನು ಒರಗಿಸಿಟ್ಟುಕೊಂಡು ಪಾಠ ಹೇಳುತ್ತಿದ್ದವನೂ ಅವನೇ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಅಷ್ಟೂ ಸ್ವಾತಂತ್ರ್ಯ ಇಲ್ಲದಿದ್ದರೆ, ದಿನವಿಡೀ ಕಂಡಕಂಡವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವ ಕರ್ಮ ಯಾರಿಗೆ ಬೇಕು? ಸ್ಟಿಯರಿಂಗ್ ಹಿಡಿದಿದ್ದ ಹಲ್ಲಿನ ಡಾಕ್ಟರಮ್ಮ ಮೂರನೇ ಗೇರಿಗೆ ಹೋಗಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದಾಗ ಫೋನಿನ ಪರದೆ ಬೆಳಗಿತು. ‘ಈಗ ನೋಡುತ್ತಿರುವವರು: ಒಬ್ಬರು. ಹಾಲ್ ಟಿವಿ.’ ಅದರ ಕೆಳಗೆ, ಅವನೇ ಒಂದೊಂದಕ್ಷರ ಕುಟ್ಟಿ ಕೊಟ್ಟಿದ್ದ ಹೆಸರು: ‘ಸೇತುವೆ ರಿಪೇರಿಯವನು.’ ಅವನ ಕಾಲು ತನ್ನ ಕಡೆಯ ಬ್ರೇಕನ್ನು ತಾನಾಗಿಯೇ ಒತ್ತಿತು. ಕಾರು ಗಕ್ಕನೆ ನಿಂತಿತು. ಹಿಂದಿದ್ದ ಲಾರಿಯವನು ಅವನ ವಂಶವನ್ನೆಲ್ಲ ಹೆಸರಿಲ್ಲದೆ ನೆನೆಸಿಕೊಂಡ.

“ಮೇಷ್ಟ್ರೇ, ನಾನು ಬ್ರೇಕ್ ಮುಟ್ಟೇ ಇಲ್ಲ,” ಎಂದರು ಡಾಕ್ಟರಮ್ಮ.

“ಬೆಕ್ಕು ಅಡ್ಡ ಬಂತು.”

“ಎಲ್ಲಿ? ನನಗೆ ಕಾಣಲೇ ಇಲ್ಲ.”

“ಅದಕ್ಕೇ ನಾನಿರೋದು.”

ಇಂಥ ಸುಳ್ಳು ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಬೀಗ ಹಾಕಿರಬೇಕಾದ ಮನೆಯ ಹಾಲಿನಲ್ಲಿ, ಯಾರೋ ಕೂತು ಆ ಸಿನಿಮಾ ನೋಡುತ್ತಿದ್ದಾರೆ ಎನ್ನುವುದು ಅವನ ಎದೆಯನ್ನು ಡವಡವ ಬಡಿಸಿತು. ಮೊದಲು ಕಳ್ಳ ಎಂದುಕೊಂಡ. ಕಳ್ಳನೇ ಆಗಿದ್ದರೆ ಎಷ್ಟೋ ಒಳ್ಳೆಯದಿತ್ತು. ಟಿವಿ ಹೊತ್ತುಕೊಂಡು ಹೋಗಲಿ, ನಷ್ಟ ಅಷ್ಟೇ. ಆದರೆ ಯಾವ ಕಳ್ಳ ತಾನೇ ಬಂದ ಕೆಲಸ ಬಿಟ್ಟು ಮರದ ಸೇತುವೆಯೊಂದನ್ನು ಒಬ್ಬ ಮುದುಕ ಮೂರು ಗಂಟೆ ರಿಪೇರಿ ಮಾಡುವ ಸಿನಿಮಾ ನೋಡುತ್ತಾನೆ? ಮನೆಯ ಇನ್ನೊಂದು ಕೀಲಿ ಇರುವುದು ಹೆಂಡತಿಯ ಹತ್ತಿರ. ಅವಳು ಈ ಹೊತ್ತಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ, ಬಿಳಿ ಕೋಟು ತೊಟ್ಟು, ಯಾರದೋ ತೋಳಿನಲ್ಲಿ ನರ ಹುಡುಕುತ್ತಿರಬೇಕು. ಇರಬೇಕು, ಆದರೆ ಇಲ್ಲ. ಮನೆಯಲ್ಲಿದ್ದಾಳೆ. ನೋಡುತ್ತಿದ್ದಾಳೆ. ಅದೂ ಅದನ್ನೇ.

ಅಪರಾಧವೆಲ್ಲ ಆ ಪೆಟ್ಟಿಗೆಯದು. ಪುಸ್ತಕದಷ್ಟು ದಪ್ಪದ ಕಪ್ಪು ಪೆಟ್ಟಿಗೆ, ಟಿವಿಯ ಕೆಳಗೆ ನೀಲಿ ದೀಪ ಮಿನುಗಿಸುತ್ತ ಹಗಲೂ ರಾತ್ರಿ ಗುಂಯ್‌ಗುಡುವಂಥದ್ದು. ಅವನು ಅದನ್ನು ಸರ್ವರ್ ಎನ್ನುತ್ತಿದ್ದ, ಹೆಂಡತಿ ಸವತಿ ಎನ್ನುತ್ತಿದ್ದಳು. ಮದುವೆಯಾದಾಗಿನಿಂದ ಕೂಡಿಟ್ಟ ಡಿವಿಡಿಗಳು ಹಾಲಿನ ಒಂದು ಗೋಡೆಯನ್ನು ನುಂಗಿ, ಊಟದ ಮನೆಯ ಕಡೆಗೆ ಕೈ ಚಾಚಿದಾಗ ಅವಳು ಒಂದು ದಿನ, ಬೇಳೆ ಡಬ್ಬಿ ಇಡಲು ಹೋಗಿ ಅಲ್ಲೂ ಒಂದು ಯುದ್ಧದ ಸಿನಿಮಾ ಕಂಡು, “ರೀ, ಒಂದೋ ಇವು ಇರಬೇಕು, ಇಲ್ಲ ನಾನಿರಬೇಕು,” ಎಂದಿದ್ದಳು. ಅವನು ಸ್ವಲ್ಪ ಹೊತ್ತು ಯೋಚಿಸಿದ್ದೇ ತಪ್ಪಾಯಿತು. ಆಮೇಲೆ ಒಂದು ಇಡೀ ಬೇಸಗೆ, ಮೆತ್ತನೆ ಬಟ್ಟೆಯಲ್ಲಿ ಒಂದೊಂದು ಡಿಸ್ಕನ್ನೂ ನಡುವಿನಿಂದ ಅಂಚಿಗೆ ಒರೆಸಿ, ಕಂಪ್ಯೂಟರಿನ ಬಾಯಿಗೆ ಇಟ್ಟು, ಅದು ಗರಗರ ತಿರುಗಿ ಫೈಲಾಗಿ ಪೆಟ್ಟಿಗೆ ಸೇರುವುದನ್ನು ಹೆರಿಗೆ ಕೋಣೆಯ ಹೊರಗೆ ಕಾಯುವವನ ಹಾಗೆ ಕಾದಿದ್ದ. ಗೀರು ಬಿದ್ದವಕ್ಕೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ್ದ. ಪ್ರತಿಯೊಂದಕ್ಕೂ ತಾನೇ ನಾಲ್ಕು ಸಾಲಿನ ಮುನ್ನುಡಿ ಬರೆದು ಸೇರಿಸಿದ್ದ: ಎಲ್ಲಿ ಅಳಬೇಕು, ಎಲ್ಲಿ ನೆರಳು ಗಮನಿಸಬೇಕು, ಯಾವ ದೃಶ್ಯದಲ್ಲಿ ಎದ್ದು ಹೋಗಿ ನೀರು ಕುಡಿದರೆ ಪಾಪ ಬರುತ್ತದೆ. ಕೊನೆಗೆ ಬಂಧುಬಳಗಕ್ಕೆಲ್ಲ ಪಾಸ್‌ವರ್ಡು ಹಂಚಿದ, ನಿಮ್ಮ ನಿಮ್ಮ ಮನೆಯಲ್ಲೇ ಕೂತು ಉದ್ಧಾರವಾಗಿ ಎಂದು.

ಉದ್ಧಾರ ಯಾರೂ ಆಗಲಿಲ್ಲ. ಅದು ಅವನಿಗೆ ಚೆನ್ನಾಗಿಯೇ ಗೊತ್ತಾಗುತ್ತಿತ್ತು, ಏಕೆಂದರೆ ಯಾರು ಯಾವುದನ್ನು ಎಷ್ಟು ನೋಡಿದರು, ಎಲ್ಲಿ ಬಿಟ್ಟರು ಎಂಬುದನ್ನೆಲ್ಲ ಪೆಟ್ಟಿಗೆ ಅವನ ಫೋನಿಗೆ ಚಾಡಿ ಹೇಳುತ್ತಿತ್ತು. ಷಡ್ಡಕನಂತೂ ಮಹಾಚಿತ್ರಗಳನ್ನೆಲ್ಲ ಹತ್ತು ನಿಮಿಷ ಮೂಸಿ ಬಿಟ್ಟು, ನಾಯಿಯೊಂದು ಪೊಲೀಸಾಗುವ ಚಿತ್ರವನ್ನು ನಾಲ್ಕು ಸಲ ನೋಡಿದ್ದ. ಸಮಾರಂಭಗಳಲ್ಲಿ ಸಿಕ್ಕಾಗ ಮಾತ್ರ, “ಭಾವ, ಏನ್ ಕಲೆಕ್ಷನ್ನು, ಅದ್ಭುತ!” ಎನ್ನುತ್ತಿದ್ದ. ಅವನು ನಕ್ಕು, ಯಾವುದು ಹಿಡಿಸಿತು ಎಂದು ಕೇಳಿ, ಷಡ್ಡಕ ತಡವರಿಸುವುದನ್ನು ಸವಿಯುತ್ತಿದ್ದ. ಬೇರೆಯವರ ಮನೆ ಕಿಟಕಿಯಲ್ಲಿ ಇಣುಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಒಂದೆರಡು ಸಲ ಮನಸ್ಸು ಚುಚ್ಚಿತ್ತು. ಕಿಟಕಿ ತಾನೇ ತೆರೆದುಕೊಂಡು ಎದುರಿಗೆ ಬಂದು ನಿಂತರೆ ಯಾರು ತಾನೇ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದ.

“ಎಡಕ್ಕೋ ಬಲಕ್ಕೋ?” ಡಾಕ್ಟರಮ್ಮ ಸಿಗ್ನಲ್ಲಿನಲ್ಲಿ ಕೇಳಿದರು.

“ನೇರ,” ಎಂದ. ನೇರಕ್ಕೆ ರಸ್ತೆಯೇ ಇರಲಿಲ್ಲ.

ಆ ಸಿನಿಮಾವನ್ನು ಅವನು ನೋಡಿರಲಿಲ್ಲ. ವಿಷಯ ಇಷ್ಟೇ. ಇಷ್ಟೇ ಎಂದು ತನಗೆ ತಾನೇ ಹೇಳಿಕೊಂಡರೂ ಕಿವಿ ಬಿಸಿಯಾಯಿತು. ಇಪ್ಪತ್ತಾರು ವರ್ಷದ ಹಿಂದೆ, ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಇಬ್ಬರ ಮನೆಯವರೂ ಬೇಕೆಂದೇ ದೂರದ ಮೇಜಿನಲ್ಲಿ ಕೂತು ಇವರ ಕಡೆ ನೋಡದ ಹಾಗೆ ನೋಡುತ್ತಿದ್ದಾಗ, ಅವಳು ಲೋಟದ ಅಂಚನ್ನು ಬೆರಳಲ್ಲಿ ಸುತ್ತುತ್ತ, “ನಿಮಗೆ ತುಂಬಾ ಇಷ್ಟವಾದ್ದು ಏನಾದ್ರೂ ಹೇಳಿ,” ಎಂದಿದ್ದಳು. ಅವನಿಗೆ ಆಗ ಇಷ್ಟವಾದದ್ದು ಮೊಪೆಡ್ಡು ಮತ್ತು ನಿದ್ದೆ. ಎರಡೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಹಿಂದಿನ ದಿನವಷ್ಟೇ ಕ್ಷೌರದ ಅಂಗಡಿಯಲ್ಲಿ, ಮುಖಪುಟವಿಲ್ಲದ ಹಳೇ ಪತ್ರಿಕೆಯೊಂದರಲ್ಲಿ ಓದಿದ್ದ ಅರ್ಧ ಪುಟ ಬಾಯಿಗೆ ಬಂತು. ಯಾರೂ ದಾಟದ ಸೇತುವೆಯನ್ನು ದಿನಾ ರಿಪೇರಿ ಮಾಡುವ ಒಬ್ಬ. ಊರವರು ನಗುತ್ತಾರೆ. ಅವನು ಬಿಡುವುದಿಲ್ಲ. ಮುಂದಿನದು ‘ನೂರಹನ್ನೆರಡನೇ ಪುಟಕ್ಕೆ’ ಎಂದಿತ್ತು, ಆ ಪುಟವನ್ನು ಯಾರೋ ಗಡ್ಡದ ನೊರೆ ಒರೆಸಲು ಹರಿದುಕೊಂಡಿದ್ದರು. ಹಾಗಾಗಿ ಕೊನೆಯನ್ನು ಅವನೇ ಮಾಡಿಕೊಂಡ: ಮುದುಕ ಸುತ್ತಿಗೆಯನ್ನು ಹೊಳೆಗೆ ಎಸೆದು, ಮೊದಲನೇ ಸಲ ತಾನೇ ಸೇತುವೆ ದಾಟಿ, ಆಚೆ ದಡದಲ್ಲಿ ಕೂತು ನಗುತ್ತಾನೆ. “ನನ್ನ ಜೀವನ ಬದಲಾಯಿಸಿದ ಸಿನಿಮಾ ಅದು,” ಎಂದಿದ್ದ. ಲೋಟದ ಮೇಲಿನ ಬೆರಳು ನಿಂತಿತ್ತು. ಅವಳು ಅವನನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆಗಲೇ.

ಆ ಸುಳ್ಳು ಅಲ್ಲೇ ಸತ್ತಿದ್ದರೆ ಚೆನ್ನಾಗಿತ್ತು. ಆದರೆ ಅವಳು ಬಂದವರೆದುರಿಗೆಲ್ಲ, “ಇವರು ಆ ಸೇತುವೆ ಕತೆ ಹೇಳಿದ್ರಲ್ಲ, ಅದಕ್ಕೇ ನಾನು ಒಪ್ಪಿದ್ದು. ಇಲ್ಲದಿದ್ರೆ ಈ ಮೂತಿಗೆ ಯಾರು ಒಪ್ತಿದ್ರು?” ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ಸೇತುವೆಯ ಭಕ್ತನಾದ ಮೇಲೆ ಭಕ್ತನಂತೆ ಇರಬೇಕಲ್ಲ; ಬೇರೆ ಸಿನಿಮಾಗಳನ್ನು ನೋಡಲು ಶುರುಮಾಡಿದ, ಡಿಸ್ಕು ಕೊಂಡ, ಓದಿದ, ಮಾತು ಕಲಿತ. ಮಾತು ಕಲಿತವನು ನಿಲ್ಲಿಸುವುದನ್ನು ಕಲಿಯಲಿಲ್ಲ. ಪರದೆಯ ಮೇಲೆ ಕೊಲೆಗಾರ ಬಾಗಿಲು ತೆರೆಯುವ ಮುಂಚೆಯೇ, “ಇವನೇ ಮಾಡೋದು, ನೋಡ್ತಿರು,” ಎಂದು ಹೇಳಿಬಿಡುತ್ತಿದ್ದ. ಅವಳು ಆಕಳಿಸುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ನಿದ್ದೆ ಹೋಗುತ್ತಿದ್ದಳು. ಇವಳಿಗೆ ರುಚಿಯಿಲ್ಲ ಎಂದು ಅವನು ತೀರ್ಮಾನಿಸಿದ್ದ. ಸೇತುವೆಯ ಡಿಸ್ಕು ಮಾತ್ರ, ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ದಿನದಿಂದ, ಮೇಲಿನ ಗೂಡಿನಲ್ಲೇ ಕೂತಿತ್ತು. “ಇದನ್ನ ಹಂಗೆಲ್ಲ ನೋಡಕ್ಕಾಗಲ್ಲ, ಅದಕ್ಕೊಂದು ದಿನ ಬರಬೇಕು,” ಎಂದಿದ್ದ. ಆ ದಿನ ಬರದ ಹಾಗೆ ನೋಡಿಕೊಳ್ಳುವುದೇ ಅವನ ಸಂಸಾರದ ಗುಟ್ಟಾಗಿತ್ತು. ಅವಳ ಮುಂದೆ ನೋಡುವುದಿರಲಿ, ಒಬ್ಬನೇ ನೋಡುವ ಧೈರ್ಯವೂ ಇರಲಿಲ್ಲ. ಮುದುಕ ಸುತ್ತಿಗೆ ಎಸೆಯದಿದ್ದರೆ? ಅದನ್ನು ಫೈಲು ಮಾಡುವಾಗ ಕೂಡ, ಅದರ ಡಬ್ಬಿಯೊಳಗೆ ಕೈಹಾಕಿ, ಮುಖ ಅತ್ತ ತಿರುಗಿಸಿ, ಡಿಸ್ಕನ್ನು ಕಂಪ್ಯೂಟರಿಗೆ ತುರುಕಿದ್ದ. ನಾಲ್ಕು ಸಾಲಿನ ಮುನ್ನುಡಿಯ ಜಾಗದಲ್ಲಿ ಒಂದೇ ಸಾಲು ಬರೆದಿದ್ದ: ‘ಇದರ ಬಗ್ಗೆ ಮಾತು ಬೇಡ.’

ಈಗ ಅವಳು ನೋಡುತ್ತಿದ್ದಾಳೆ. ಫೋನಿನಲ್ಲಿ ಪುಟ್ಟ ಕೆಂಪು ಗೆರೆ ಹುಳದಂತೆ ಮುಂದೆ ಹರಿಯುತ್ತಿತ್ತು. ನಿನ್ನೆಯೂ ನೋಡಿದ್ದಾಳೆ, ಮೊನ್ನೆಯೂ ನೋಡಿದ್ದಾಳೆ; ಪೆಟ್ಟಿಗೆ ಎಲ್ಲವನ್ನೂ ಬರೆದಿಟ್ಟಿತ್ತು, ಎರಡು ದಿನದಿಂದ ಲೈಸೆನ್ಸು ಪರೀಕ್ಷೆಗೆ ಹೋಗುವವರ ಗಡಿಬಿಡಿಯಲ್ಲಿ ಅವನೇ ನೋಡಿರಲಿಲ್ಲ. ಲ್ಯಾಬಿಗೆ ಚಕ್ಕರ್ ಹಾಕಿ ಮೂರು ದಿನ ಒಂದೇ ಸಿನಿಮಾ! ಯಾರ ಜೊತೆಗೆ? ‘ಒಬ್ಬರು’ ಎನ್ನುವುದು ಟಿವಿಯ ಲೆಕ್ಕ; ಸೋಫಾದ ಮೇಲೆ ಎಷ್ಟು ಜನ ಎಂದು ಅದಕ್ಕೇನು ಗೊತ್ತು? ಇಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ, ಇನ್ನೊಬ್ಬನಿದ್ದರೆ ಪರವಾಗಿಲ್ಲ, ಸಿನಿಮಾ ಮಾತ್ರ ಬೇರೆಯದಿರಲಿ ಎಂದು ಅನ್ನಿಸಿದ್ದು ಕಂಡು ಗಾಬರಿಯಾಯಿತು. ಎಂಥ ಮನುಷ್ಯ ತಾನು! ಫೋನಿನ ಮೂಲೆಯಲ್ಲಿ ಚೌಕದ ಗುರುತೊಂದಿತ್ತು. ಒತ್ತಿದರೆ ಎಲ್ಲಿ ಓಡುತ್ತಿರುವ ಸಿನಿಮಾವೂ ನಿಲ್ಲುತ್ತದೆ. ಷಡ್ಡಕನ ನಾಯಿ ಪೊಲೀಸನ್ನು ಒಮ್ಮೆ ಹಾಗೆ ನಿಲ್ಲಿಸಿ ಮಜಾ ತೆಗೆದುಕೊಂಡಿದ್ದ. ಒತ್ತಿದ. ಕೆಂಪು ಹುಳ ನಿಂತಿತು.

ಸ್ವಲ್ಪ ಹೊತ್ತಿಗೆ ಮತ್ತೆ ಹರಿಯತೊಡಗಿತು. ಮತ್ತೆ ಒತ್ತಿದ. ಫೋನು ರಿಂಗಾಯಿತು.

“ರೀ, ನನ್ನ ಸವತಿ ಕೈ ಕೊಡ್ತಿದಾಳೆ. ನಿಂತು ನಿಂತು ಹೋಗ್ತಿದೆ,” ಹೆಂಡತಿಯ ದನಿಯಲ್ಲಿ ಸಿಕ್ಕಿಬಿದ್ದವಳ ಅಳುಕು ಎಳ್ಳಷ್ಟೂ ಇರಲಿಲ್ಲ.

“ನೀನು... ಮನೇಲಿದೀಯಾ?”

“ಇನ್ನೆಲ್ಲಿರ್ಲಿ? ಈ ವಾರದಿಂದ ಮಧ್ಯಾಹ್ನದ ಪಾಳಿ ಅಂತ ಹೇಳಿದ್ನಲ್ಲ.”

“ಯಾವಾಗ ಹೇಳಿದೆ?”

“ಭಾನುವಾರ. ನೀವು ಆ ಕಿಟಕಿ ಬೆಳಕು ಯಾಕೆ ಎಡಗಡೆಯಿಂದ ಬರುತ್ತೆ ಅಂತ ವಿವರಿಸ್ತಾ ಇದ್ರಿ. ನಾನು ಪಾಳಿ ಬದಲಾಯ್ತು ಅಂದೆ. ನೀವು, ‘ಕರೆಕ್ಟ್, ಅದೇ ಪಾಯಿಂಟು,’ ಅಂದ್ರಿ.”

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

“ಡಿಸ್ಕಿನಲ್ಲಿ ಗೀರಿತ್ತು. ಅಲ್ಲಿ ನಿಲ್ಲುತ್ತೆ. ಬಿಟ್ಟುಬಿಡು, ನೋಡಬೇಡ,” ಎಂದ.

“ಮೊನ್ನೆ ನಿಲ್ಲಲಿಲ್ಲ, ನಿನ್ನೆ ನಿಲ್ಲಲಿಲ್ಲ, ಇವತ್ತು ಎಲ್ಲಿಂದ ಬಂತು ಗೀರು? ಇಡ್ತೀನಿ, ಒಳ್ಳೇ ಜಾಗದಲ್ಲಿದೆ.”

ಡಾಕ್ಟರಮ್ಮ ಕಾರನ್ನು ತಾವೇ ಎಡಕ್ಕೆ ತಿರುಗಿಸಿ, ತಮ್ಮ ಕ್ಲಿನಿಕ್ಕಿನ ಕಡೆಗೆ, ಯಾರಿಗೂ ತೊಂದರೆಯಿಲ್ಲದೆ ಓಡಿಸುತ್ತಿದ್ದರು. ಅವನು ಅದನ್ನೂ ಗಮನಿಸಿರಲಿಲ್ಲ. “ಮನೇಲಿ ಸಿನಿಮಾನಾ?” ಎಂದರು. “ಯಾವುದು, ನಿಮ್ಮ ಸೇತುವೇದಾ? ದವಡೆಹಲ್ಲು ಕೀಳಿಸಿದ ದಿನ ಬಾಯಲ್ಲಿ ಹತ್ತಿ ಇಟ್ಕೊಂಡೇ ಪೂರ್ತಿ ಕತೆ ಹೇಳಿದ್ರಲ್ಲ. ನನಗೆ ‘ಸುತ್ತಿಗೆ’ ಅನ್ನೋದೊಂದೇ ತಿಳಿದದ್ದು. ನಮ್ಮ ನರ್ಸು ಹೆದರಿಬಿಟ್ಲು.” ನಕ್ಕರು. ಕ್ಲಿನಿಕ್ಕಿನ ಮುಂದೆ ಗೋಡೆಗೆ ಗೇಣು ದೂರದಲ್ಲಿ ನಿಲ್ಲಿಸಿ, “ಇವತ್ತು ನೀವು ಬ್ರೇಕ್ ಒತ್ತಿದ್ದು ಒಂದೇ ಸಲ, ಮೇಷ್ಟ್ರೇ. ಅದಕ್ಕೇ ಏನೋ, ಚೆನ್ನಾಗಿ ಓಡಿಸಿದೆ,” ಎಂದು ಇಳಿದು ಹೋದರು. ಅವನು ಸೀಟು ಬದಲಾಯಿಸಿ ಕೂತ. ತನ್ನ ಹಲ್ಲು ಎಣಿಸಿದ ಹೆಂಗಸಿಗೂ ತಾನು ಆ ಸುಳ್ಳು ಹೇಳಿಯಾಗಿತ್ತಲ್ಲ, ಅದೂ ಪುಕ್ಕಟೆಯಾಗಿ, ಎಂದು ಪೆಚ್ಚಾದ.

ಮನೆಯ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಫೋನು ತೆಗೆದ. ಆಗ ಕಣ್ಣಿಗೆ ಬಿತ್ತು: ಸಿನಿಮಾದ ಒಟ್ಟು ಅವಧಿ ಒಂದೂವರೆ ಗಂಟೆ. ಡಬ್ಬಿಯ ಮೇಲೆ ಮೂರು ಗಂಟೆ ಎಂದಿದ್ದ ಸಿನಿಮಾ ಒಂದೂವರೆ ಗಂಟೆಗೆ ಮುಗಿಯುತ್ತದೆ ಎಂದರೆ ಅರ್ಧವೇ ಫೈಲಾಗಿದೆ! ಅರ್ಧದಲ್ಲಿ ಕೊನೆ ಎಲ್ಲಿಂದ ಬರುತ್ತದೆ? ಸುತ್ತಿಗೆ ಇನ್ನೂ ಮುದುಕನ ಕೈಯಲ್ಲೇ ಇದೆ. ಅವನಿಗೆ ರೈಲ್ವೆ ಗೇಟಿನವನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಹೋಗಿ ಅವಳ ಪಕ್ಕ ಕೂತು, ಗಂಭೀರವಾಗಿ, ‘ಛೆ, ಉಳಿದರ್ಧ ಹಾಳಾಗಿದೆ ಕಣೇ, ಅದರಲ್ಲೇ ಇರೋದು ಜೀವಾಳ,’ ಎಂದರಾಯಿತು. ಆಮೇಲೆ ಡಿಸ್ಕನ್ನು ಕಲ್ಲಿನ ಮೇಲೆ ತಿಕ್ಕಿದರಾಯಿತು. ಇನ್ನೂ ಇಪ್ಪತ್ತಾರು ವರ್ಷ ನಿಶ್ಚಿಂತೆ. ರೈಲು ಹೋಗುವವರೆಗೆ ಸ್ಟಿಯರಿಂಗಿನ ಮೇಲೆ ತಾಳ ಹಾಕಿದ.

ಬಾಗಿಲಲ್ಲೇ ಅವನಿಗೆ ಕೇಳಿಸಿದ್ದು ಹೆಂಡತಿಯ ನಗು. ಬಂದವರೆದುರು ನಗುವ ನಗುವಲ್ಲ, ಉಸಿರು ಸಿಕ್ಕಿಕೊಂಡು, ಬಿಕ್ಕಳಿಸಿ, ಮತ್ತೆ ಮೇಲೆದ್ದು ಬರುವ ನಗು. ಇದು ಇವಳದಾ ಎಂದು ಅವನು ಒಂದು ಗಳಿಗೆ ಮೆಟ್ಟಿಲ ಮೇಲೆ ನಿಂತ. ತನ್ನ ಪಕ್ಕದಲ್ಲಿ ಕೂತು ಸಾವಿರ ಸಿನಿಮಾ ನೋಡಿದವಳು ಒಂದು ಸಲವೂ ಹೀಗೆ ನಕ್ಕಿರಲಿಲ್ಲ. ಒಳಗೆ ಹೋದ. ಲ್ಯಾಬಿಗೆ ಹೊರಡಲು ಸಿದ್ಧವಾಗಿ, ಕೋಟು ಮಡಿಲಲ್ಲಿಟ್ಟುಕೊಂಡು, ಕಾಲುಗಳನ್ನು ಸೋಫಾದ ಮೇಲೆ ಮಡಚಿ, ಒಬ್ಬಳೇ ಕೂತಿದ್ದಳು. ಟಿವಿಯಲ್ಲಿ ದೊಡ್ಡ ಹೋಟೆಲೊಂದರ ಕಾರಿಡಾರು. ಟವೆಲು ಸುತ್ತಿಕೊಂಡ ದಪ್ಪ ಮನುಷ್ಯನೊಬ್ಬ ಮಾಸಿದ ಹಾಸಿಗೆ ಬಟ್ಟೆಯ ಗಾಡಿಯೊಳಗೆ ಅಡಗಿ ಕೂತಿದ್ದ. ಗಾಡಿ ಇಳಿಜಾರಿನಲ್ಲಿ ತಾನೇ ಹೊರಟಿತ್ತು.

ಹೊಳೆ ಇಲ್ಲ. ಮರದ ಹಲಗೆ ಇಲ್ಲ. ಮುದುಕ ಇಲ್ಲ.

“ಬಾಗಿಲು ಹಾಕಿ, ಬೆಳಕು ಬರುತ್ತೆ,” ಎಂದಳು ತಿರುಗಿ ನೋಡದೆ. “ಏನ್ ಪಾಠಕ್ಕೆ ರಜಾನಾ? ಬನ್ನಿ, ಕೂತ್ಕೊಳ್ಳಿ. ನಿಮ್ಮ ಪ್ರಾಣದ ಸಿನಿಮಾ.”

ಅವನು ಸೋಫಾದ ಅಂಚಿನಲ್ಲಿ, ನೆಂಟರ ಮನೆಯಲ್ಲಿ ಕೂತ ಹಾಗೆ ಕೂತ.

“ಮೊದಲನೇ ದಿನ ಸೇತುವೆ ಬರುತ್ತೆ ಬರುತ್ತೆ ಅಂತ ಕಾದೆ,” ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. “ಹೋಟೆಲಿನಲ್ಲಿ ಒಡವೆ ಕಳುವಾಯ್ತು. ಸರಿ, ಕಳ್ಳ ಸೇತುವೆ ಮೇಲೆ ಓಡಿಹೋಗ್ತಾನೇನೋ ಅಂದ್ಕೊಂಡೆ. ಲಿಫ್ಟಿನಲ್ಲಿ ಹೋದ. ಮುಗಿದೇಹೋಯ್ತು. ಎರಡನೇ ದಿನ ನನ್ನದೇ ತಪ್ಪಿರಬೇಕು, ಇವರು ಹೇಳೋ ಥರ ಆಳವಾಗಿ ನೋಡ್ಬೇಕು ಅಂತ ನೋಡಿದೆ. ಆಗ್ಲೂ ಬರಲಿಲ್ಲ. ಇವತ್ತು ಸೇತುವೆ ಗೀತುವೆ ಬಿಟ್ಟು ಸುಮ್ನೆ ನೋಡ್ತಾ ಇದೀನಿ. ಎಷ್ಟು ಚೆನ್ನಾಗಿದೆ ಗೊತ್ತಾ?”

ಅಂಗಡಿಯವನು! ಅವನಿಗೆ ಹೊಳೆಯಿತು, ಹೊಳೆದ ಕೂಡಲೇ ಹೋದ ಜೀವ ಮೈಗೆ ಬಂತು. ಹಳೇ ಸಾಮಾನಿನ ಅಂಗಡಿಯ ಆ ಬಡ್ಡೀಮಗ ಸೇತುವೆಯ ಡಬ್ಬಿಯೊಳಗೆ ಯಾವುದೋ ಡಿಸ್ಕು ತುಂಬಿ ಕೊಟ್ಟಿದ್ದ. ತಾನು ಮುಖ ಅತ್ತ ತಿರುಗಿಸಿದ್ದರಿಂದ ಕಂಡಿರಲಿಲ್ಲ. ಇದು ಸತ್ಯ. ಇಪ್ಪತ್ತಾರು ವರ್ಷದಲ್ಲಿ ಸೇತುವೆಯ ವಿಷಯವಾಗಿ ಅವನ ಕೈಗೆ ಸಿಕ್ಕಿದ ಮೊದಲ ಸತ್ಯ, ಅದೂ ಎಂಥ ಅನುಕೂಲದ ಸತ್ಯ!

“ಅಯ್ಯೋ, ಇದು ಆ ಸಿನಿಮಾ ಅಲ್ಲ ಕಣೇ!” ಎಂದ. ದನಿ ತಾನಾಗಿಯೇ ಏರಿತು. “ಡಿಸ್ಕು ಬದಲಾಗಿದೆ. ಮೋಸ ಮಾಡಿದಾನೆ ಅವನು. ಇದ್ಯಾವುದೋ ಹೋಟೆಲ್ ಕಾಮಿಡಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅದರ ಮೊದಲನೇ ಶಾಟೇ ಬೇರೆ, ಅದರ ಬೆಳಕೇ ಬೇರೆ...”

ಅವಳು ರಿಮೋಟು ಒತ್ತಿದಳು. ಟವೆಲಿನ ಮನುಷ್ಯ ಗಾಡಿಯ ಸಮೇತ ಗಾಳಿಯಲ್ಲಿ ನಿಂತ. ಅವಳು ತಿರುಗಿ ಅವನನ್ನು ನೋಡಿದಳು. ಅವಳ ಕಣ್ಣಿನ ಅಂಚಿನಲ್ಲಿ ನಗುವಿನ ನೀರು ಇನ್ನೂ ಆರಿರಲಿಲ್ಲ.

“ಹೌದಾ? ನಾನೂ ಹಂಗೇ ಅಂದ್ಕೊಂಡೆ,” ಎಂದಳು. “ಹಾಗಾದ್ರೆ ಅದರಲ್ಲಿ ಕೊನೆಗೆ ಏನಾಗುತ್ತೆ?”

ಸುತ್ತಿಗೆ ನಾಲಿಗೆಯ ತುದಿಯಲ್ಲಿತ್ತು. ನೂರಾರು ಸಲ ಎಸೆದು ಎಸೆದು ಪಳಗಿದ ಸುತ್ತಿಗೆ. ಹೊಳೆಗೆ ಬೀಳುವ ಸದ್ದು ಸಹ ಅವನಿಗೆ ಬಾಯಿಪಾಠ. ಹೇಳಿದರೆ ಅವಳು ನಂಬುತ್ತಾಳೆ. ಅಥವಾ ನಂಬಿದ ಹಾಗೆ ಇದ್ದು, ಬಟ್ಟೆ ಮಡಚಲು ಹೋಗುತ್ತಾಳೆ. ಯಾವುದು ಎಂದು ಅವನಿಗೆ ತಿಳಿಯುವುದೇ ಇಲ್ಲ. ಇಷ್ಟು ವರ್ಷ ತಿಳಿದಿತ್ತು ಎಂದುಕೊಂಡದ್ದೇ ದೊಡ್ಡ ಜಂಬ. ಅವಳು ನಂಬಿದ್ದಳೋ, ಸಹಿಸಿದ್ದಳೋ? ಆ ಹೋಟೆಲಿನಲ್ಲಿ ಲೋಟದ ಮೇಲೆ ಬೆರಳು ನಿಂತದ್ದು ಕತೆಗೋ, ಅಥವಾ ಎದುರಿಗೆ ಕೂತ ಪೆದ್ದನೊಬ್ಬ ಅಷ್ಟು ಕಷ್ಟಪಟ್ಟು ಸುಳ್ಳು ಹೆಣೆಯುತ್ತಿರುವುದಕ್ಕೋ? ಕೇಳಬೇಕೆನ್ನಿಸಿತು, ಹೆದರಿಕೆಯಾಯಿತು. ಅವಳು ಕಾಯುತ್ತಿದ್ದಳು. ಹೊರಡುವ ಹೊತ್ತಾಗಿದ್ದರೂ ಗಡಿಯಾರ ನೋಡದೆ, ಆಕಳಿಸದೆ, ಅವನು ಏನು ಹೇಳುತ್ತಾನೆಂದು ನಿಜವಾಗಿ ಗೊತ್ತಿಲ್ಲದವಳ ಹಾಗೆ ಕಾಯುತ್ತಿದ್ದಳು. ಅವನಿಗೆ ಅವಳ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು, ತನ್ನ ಮೇಲೆ ಅಷ್ಟೇ ಅಸಹ್ಯವೂ ಬಂತು.

“ಗೊತ್ತಿಲ್ಲ,” ಎಂದ.

ಸವತಿ ಟಿವಿಯ ಕೆಳಗೆ ಗುಂಯ್‌ಗುಡುತ್ತಿದ್ದಳು. ಹೆಂಡತಿ ಕಣ್ಣು ಮಿಟುಕಿಸಲಿಲ್ಲ.

“ಏನಂದ್ರಿ?”

“ಗೊತ್ತಿಲ್ಲ ಕಣೇ. ನಾನು ಅದನ್ನ ನೋಡೇ ಇಲ್ಲ.”

ಬೈಯುತ್ತಾಳೆ ಎಂದು ಕಾದ. ನಗುತ್ತಾಳೆ ಎಂದು ಕಾದ. ಅದಕ್ಕೆ ಇನ್ನೂ ಹೆಚ್ಚು ಹೆದರಿದ. ಅವಳು ಎರಡೂ ಮಾಡಲಿಲ್ಲ. ಮಡಿಲಿನ ಕೋಟನ್ನು ಎತ್ತಿ ಸೋಫಾದ ಬೆನ್ನಿಗೆ ಹಾಕಿದಳು. ಸಿನಿಮಾವನ್ನು ಹಿಂದಕ್ಕೆ, ಹಿಂದಕ್ಕೆ, ಹೋಟೆಲಿನ ಬಾಗಿಲು ಇನ್ನೂ ಮುಚ್ಚಿರುವ ಮೊದಲ ದೃಶ್ಯದವರೆಗೆ ಓಡಿಸಿ ನಿಲ್ಲಿಸಿದಳು. ಆಮೇಲೆ ಫೋನು ತೆಗೆದು ಲ್ಯಾಬಿಗೆ ಹಚ್ಚಿದಳು.

“ಹಲೋ, ನಾನು. ಇವತ್ತು ಬರೋದು ಸ್ವಲ್ಪ ಲೇಟಾಗುತ್ತೆ. ನಮ್ಮನೆಯವರಿಗೆ ಏನೋ ಆಗಿದೆ.” ಆ ಕಡೆಯವರು ಗಾಬರಿಯಾಗಿ ಏನೋ ಕೇಳಿದರು. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ, ನರ ಹುಡುಕುವವಳ ಹಾಗೆ ನೋಡಿದಳು. “ಇಲ್ಲ ಇಲ್ಲ, ಆಸ್ಪತ್ರೆಗೆ ಹೋಗೋವಂಥದ್ದಲ್ಲ. ಮದುವೆ ಆದಾಗಿಂದ ಇದೇ ಮೊದಲನೇ ಸಲ ಹೀಗಾಗಿರೋದು, ಅದಕ್ಕೇ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರ್ತೀನಿ.”